ಎಳೆಯ ಮಿದುಳಿನ ಓಲೆಕಾರರು

ಶಿಕಾರಿಪುರ ತಾಲ್ಲೂಕಿನಲ್ಲಿ, ಬಳ್ಳಿಗಾವೆಗೆ ಅನತಿದೂರದಲ್ಲಿ, ಸೊರಬದ ಸೀಮೆಗೆ ಹೊಂದಿಕೊಂಡಂತೆ ಉಡುತಡಿ ಎಂಬ ಊರಿದೆ. ಅಡಕೆ ತೋಟ, ಭತ್ತದ ಗದ್ದೆ, ಕೆರೆಕಟ್ಟೆಗಳ ನಾಡಿನ ಈ ಪುಟ್ಟ ಗ್ರಾಮವನ್ನು ಕಣ್ಣಾರೆ ಕಂಡವರು ಕೆಲವರೇ ಆದರೂ ಅದರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಜನಿಸಿದ್ದು ಇಲ್ಲಿ. ಎಳೆಯ ಪ್ರಾಯದಲ್ಲಿಯೇ ಆಕೆ ಅರಸನ ಐಶ್ವರ್ಯವನ್ನು ಒಲ್ಲೆನೆಂದು ಮನೆ ಬಿಟ್ಟು ನಡೆದಳು. ಕೌಶಿಕನೊಡನೆ ಕರಾರು ಮಾಡಿಕೊಂಡು ಮದುವೆಯಾಗಿ, ಕರಾರು ಮುರಿದಾಗ ಎದ್ದು ಹೊರಟಳೆಂದು ಹರಿಹರನ ರಗಳೆ ಹೇಳುತ್ತದೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಕಥೆ ಬೇರೆ ಬಗೆಯಾಗಿ ಸಾಗುತ್ತದೆ. ಯಾವ ಕಥೆಯನ್ನು ಹಿಡಿದರೂ ಹೆತ್ತವರ ಪಾಡನ್ನು ಊಹಿಸುವುದು ಕಷ್ಟವಲ್ಲ. ನಿನ್ನೆಯವರೆಗೆ ಸೆರಗು ಹಿಡಿದು ತಿರುಗುತ್ತಿದ್ದ ಮಗಳು ಇಂದು ತಮಗೆ ಅರ್ಥವಾಗದ ದಾರಿಯಲ್ಲಿ, ಹಿಂತಿರುಗಿ ನೋಡದೆ ನಡೆಯುತ್ತಿದ್ದಾಳೆ!

ಅಕ್ಕನ ವೈರಾಗ್ಯಕ್ಕೆ ರಸಾಯನಶಾಸ್ತ್ರದಲ್ಲಿ ಕಾರಣ ಹುಡುಕುವುದು ಶುದ್ಧ ಹುಡುಗಾಟವಾದೀತು. ಆ ಕೆಲಸಕ್ಕೆ ಇಲ್ಲಿ ಯಾರೂ ಕೈಹಾಕುವುದಿಲ್ಲ. ಆದರೆ ಆ ಹೆತ್ತವರ ಪ್ರಶ್ನೆ ಮಾತ್ರ ಎಂಟುನೂರು ವರ್ಷಗಳ ಅನಂತರವೂ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಮನೆಮನೆಯಲ್ಲಿ ಕೇಳಿಬರುತ್ತದೆ. ಹನ್ನೆರಡು ತುಂಬುವವರೆಗೆ ಹೇಳಿದ ಮಾತು ಕೇಳುತ್ತಿದ್ದ ಹುಡುಗ ಹದಿನಾಲ್ಕಕ್ಕೆ ಏಕೆ ಮಾತಿಗೆ ಮೊದಲು ಸಿಡುಕುತ್ತಾನೆ? ರಾತ್ರಿ ಹನ್ನೆರಡಾದರೂ ನಿದ್ದೆ ಬಾರದ ಹುಡುಗಿಯನ್ನು ಬೆಳಗ್ಗೆ ಏಳಕ್ಕೆ ಎಬ್ಬಿಸಲು ಏಕೆ ಮನೆಯೇ ಒಂದಾಗಬೇಕು? ಮನೆಯ ಹಿರಿಯರು ಇದಕ್ಕೆಲ್ಲ 'ವಯಸ್ಸು' ಎಂದು ಒಂದೇ ಮಾತಿನಲ್ಲಿ ಉತ್ತರ ಕೊಟ್ಟುಬಿಡುತ್ತಾರೆ. ಉತ್ತರ ತಪ್ಪಲ್ಲ, ಸಾಲದು. ಆ ವಯಸ್ಸು ಮಿದುಳಿನೊಳಗೆ ಏನು ಮಾಡುತ್ತದೆ ಎಂಬುದರ ಅಲ್ಪಸ್ವಲ್ಪ ಈಚಿನ ಐದಾರು ದಶಕಗಳಲ್ಲಿ ತಿಳಿದುಬಂದಿದೆ.

ಪ್ರಾಯಕ್ಕೆ ಬಂದ ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಇವು ಸಾಮಾನ್ಯವಾಗಿ ಒಂದನ್ನೊಂದು ಮುಟ್ಟುವುದಿಲ್ಲ. ಒಂದು ಕೋಶದ ತುದಿಗೂ ಮುಂದಿನದರ ಮೈಗೂ ನಡುವೆ ಒಂದು ಕಿರಿದಾದ ಕಂದಕವಿದೆ. ಮಿಲಿಮೀಟರೊಂದನ್ನು ಐವತ್ತು ಸಾವಿರ ಹೋಳು ಮಾಡಿದರೆ ಒಂದು ಹೋಳು ಎಷ್ಟೋ ಅಷ್ಟು ಅಗಲ. ಕೋಶದೊಳಗೆ ವಿದ್ಯುತ್ತಿನ ರೂಪದಲ್ಲಿ ಓಡಿಬಂದ ಸುದ್ದಿ ಈ ಕಂದಕದ ದಂಡೆಯಲ್ಲಿ ನಿಲ್ಲುತ್ತದೆ. ಅಲ್ಲಿಂದಾಚೆಗೆ ಅದನ್ನು ಒಯ್ಯುವವು ಕೆಲವು ರಾಸಾಯನಿಕ ದ್ರವ್ಯಗಳು. ಹಿಂದಿನ ಕಾಲದಲ್ಲಿ ಊರಿಂದೂರಿಗೆ ಕಾಗದ ಒಯ್ಯುತ್ತಿದ್ದ ಓಲೆಕಾರನ ಕೆಲಸವೇ ಇವುಗಳದು. ಸಣ್ಣ ಸಂಚಿಗಳಲ್ಲಿ ಸಿದ್ಧವಾಗಿ ಕುಳಿತಿರುವ ಈ ದ್ರವ್ಯ ಕಂದಕಕ್ಕೆ ಸುರಿದು, ಆಚೆ ದಡದಲ್ಲಿರುವ ಗ್ರಾಹಕಗಳೆಂಬ ಕದಗಳನ್ನು ತಟ್ಟುತ್ತದೆ. ಕೆಲಸ ತೀರಿದೊಡನೆ ಅದನ್ನು ಒಡೆದುಹಾಕುವ ಕಿಣ್ವಗಳೂ, ಮರಳಿ ಒಳಗೆಳೆದುಕೊಳ್ಳುವ ಪಂಪುಗಳೂ ಅಲ್ಲಿಯೇ ಇವೆ.

ಈ ಓಲೆಕಾರನ ಸುಳಿವು ಮೊದಲು ಸಿಕ್ಕಿದ್ದು ಕಪ್ಪೆಯ ಹೃದಯದಲ್ಲಿ. ಆಸ್ಟ್ರಿಯ ದೇಶದ ಗ್ರಾಟ್ಸ್ ನಗರದಲ್ಲಿದ್ದ ಆಟೊ ಲೋವಿ ಒಂದು ರಾತ್ರಿ ಕನಸಿನಲ್ಲಿ ಹೊಳೆದ ಪ್ರಯೋಗವನ್ನು ಅರೆನಿದ್ದೆಯಲ್ಲಿ ಚೀಟಿಯ ಮೇಲೆ ಗೀಚಿಟ್ಟನಂತೆ. ಬೆಳಗ್ಗೆ ಎದ್ದು ನೋಡಿದರೆ ತನ್ನ ಬರಹ ತನಗೇ ಓದಲಾಗಲಿಲ್ಲ! ಪುಣ್ಯಕ್ಕೆ ಮರುರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಅವನು ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ನಡೆದ. ನರವನ್ನು ಕೆರಳಿಸಿ ನಿಧಾನಗೊಳಿಸಿದ ಒಂದು ಹೃದಯದ ಸುತ್ತಣ ದ್ರವವನ್ನು ಇನ್ನೊಂದು ಹೃದಯಕ್ಕೆ ಸೋಕಿಸಿದಾಗ, ಯಾವ ನರವನ್ನೂ ಮುಟ್ಟದೆಯೇ ಅದೂ ನಿಧಾನವಾಯಿತು. ೧೯೨೧ರಲ್ಲಿ ಪ್ರಕಟವಾದ ಈ ಕೆಲಸಕ್ಕಾಗಿ ೧೯೩೬ರಲ್ಲಿ ಲೋವಿಗೂ ಹೆನ್ರಿ ಡೇಲ್‌ಗೂ ನೊಬೆಲ್ ಬಹುಮಾನ ಬಂದಿತು. ಆ ದ್ರವ್ಯವನ್ನು ಇಂದು ಅಸಿಟೈಲ್‌ಕೋಲೀನ್ ಎಂದು ಕರೆಯುತ್ತಾರೆ.

ಎರಡನೆಯ ಕಥೆ ಮಲೆನಾಡಿಗೆ ಹತ್ತಿರದ್ದು. ಪಶ್ಚಿಮಘಟ್ಟದ ಕಾಡುಗಳಲ್ಲಿ ಸರ್ಪಗಂಧವೆಂಬ ಗಿಡ ಬೆಳೆಯುತ್ತದೆ. ಹುಚ್ಚಿಗೂ ನಿದ್ರಾಹೀನತೆಗೂ ಇದರ ಬೇರನ್ನು ಕೊಡುವ ರೂಢಿ ಭಾರತದಲ್ಲಿ ಬಹು ಹಳೆಯದು. ೧೯೩೧ರಲ್ಲಿ ಕಲಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದರ ಗುಣವನ್ನು ಆಧುನಿಕ ವೈದ್ಯರ ಗಮನಕ್ಕೆ ತಂದರು. ೧೯೪೯ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ರೋಗಿಗಳ ಮೇಲೆ ಇದರ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಜಗತ್ತು ಕಿವಿಗೊಟ್ಟಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರಿನ ಸಾರವಾದ ರೆಸರ್ಪಿನ್ ಬೇರ್ಪಟ್ಟಿತು. ಇದು ನರಕೋಶದ ಸಂಚಿಗಳನ್ನು ಬರಿದು ಮಾಡುವ ಮದ್ದು. ೧೯೫೭ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟನು. ಅವು ಕಿವಿ ಜೋತು, ಮಣ್ಣಿನ ಮುದ್ದೆಯಂತೆ ಕುಳಿತುಬಿಟ್ಟವು. ಡೋಪಮಿನ್ ತಯಾರಾಗಲು ಬೇಕಾದ ಕಚ್ಚಾಸಾಮಗ್ರಿಯನ್ನು ಚುಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದವು. ಡೋಪಮಿನ್ ಮಿದುಳಿನ ಓಲೆಕಾರರಲ್ಲಿ ಒಬ್ಬನೆಂದು ಸಿದ್ಧವಾದದ್ದು ಹೀಗೆ. ಕಾರ್ಲ್‌ಸನ್ನನಿಗೆ ನೊಬೆಲ್ ಬರಲು ಮಾತ್ರ ೨೦೦೦ದವರೆಗೆ ಕಾಯಬೇಕಾಯಿತು.

ಇಷ್ಟನ್ನೂ ಹೇಳಿದ್ದು ಏಕೆಂದರೆ, ಮಗು ಎಂದರೆ ಗಾತ್ರದಲ್ಲಿ ಚಿಕ್ಕದಾದ ದೊಡ್ಡ ಮನುಷ್ಯ ಎಂಬ ನಂಬಿಕೆ ಬಹಳ ಜನರಲ್ಲಿ ಇನ್ನೂ ಬಲವಾಗಿದೆ. ಅಪ್ಪನ ಅಂಗಿಯನ್ನು ಕತ್ತರಿಸಿ ಮಗನಿಗೆ ಹೊಲಿಸಬಹುದು. ಅಪ್ಪನ ಮಿದುಳನ್ನು ಚಿಕ್ಕದು ಮಾಡಿದರೆ ಮಗನದಾಗುವುದಿಲ್ಲ. ಓಲೆಕಾರರು ಅವರೇ ಇದ್ದರೂ ಒಂದೊಂದು ವಯಸ್ಸಿನಲ್ಲಿ ಅವರ ಸಂಖ್ಯೆ, ದಾರಿ, ತಟ್ಟುವ ಕದ, ಕೊನೆಗೆ ತರುವ ಸುದ್ದಿಯ ಅರ್ಥವೂ ಬೇರೆಯಾಗುತ್ತದೆ.

ಅರ್ಥವೇ ತಿರುಗಿಬೀಳುವುದಕ್ಕೆ ಗಾಬಾ ಎಂಬ ದ್ರವ್ಯದಷ್ಟು ಸೋಜಿಗದ ಉದಾಹರಣೆ ಇನ್ನೊಂದಿಲ್ಲ. ಬೆಳೆದ ಮಿದುಳಿನಲ್ಲಿ ಗಾಬಾ ಕೋಶಗಳಿಗೆ 'ಸಾಕು, ಸುಮ್ಮನಿರು' ಎಂದು ಹೇಳುವ ಓಲೆಕಾರ. ನಿದ್ದೆಯ ಗುಳಿಗೆಗಳೂ ಮೂರ್ಛೆಯ ಔಷಧಗಳೂ ಹಲವು ಕೆಲಸ ಮಾಡುವುದು ಇವನ ಮೂಲಕವೇ. ಆದರೆ ಗರ್ಭದಲ್ಲಿ ಬೆಳೆಯುತ್ತಿರುವ ಮಿದುಳಿನಲ್ಲಿ ಇದೇ ಗಾಬಾ ಕೋಶವನ್ನು ಎಬ್ಬಿಸುತ್ತದೆ! ಎಳೆಯ ನರಕೋಶದೊಳಗೆ ಕ್ಲೋರೈಡ್ ಎಂಬ ಲವಣಾಂಶ ತುಂಬಿರುತ್ತದೆ. ಗಾಬಾ ಕದ ತೆರೆದಾಗ ಅದು ಹೊರಗೆ ಹರಿಯುವುದರಿಂದ ಕೋಶ ಕೆರಳುತ್ತದೆ. ಮುಂದೆ ಕ್ಲೋರೈಡನ್ನು ಹೊರಹಾಕುವ ಪಂಪು ಸಿದ್ಧವಾದ ಮೇಲೆ ಒಳಗಿನ ಮಟ್ಟ ಇಳಿದು, ಅದೇ ಕದ ತೆರೆದಾಗ ಹರಿವು ಒಳಮುಖವಾಗಿ, ಕೋಶ ತಣ್ಣಗಾಗುತ್ತದೆ. ಇಲಿಮರಿಗಳಲ್ಲಿ ಹುಟ್ಟಿದ ಎರಡು ವಾರಗಳ ಸುಮಾರಿಗೂ, ಮನುಷ್ಯರಲ್ಲಿ ಬಹುಮಟ್ಟಿಗೆ ಜನನದ ಆಚೀಚೆಗೂ ಈ ತಿರುವು ಬರುತ್ತದೆ. ದೊಡ್ಡವರ ಮೂರ್ಛೆಯನ್ನು ನಿಲ್ಲಿಸುವ ಮದ್ದು ನವಜಾತ ಶಿಶುವಿನಲ್ಲಿ ಎಷ್ಟೋ ಸಲ ಸೋಲುವುದಕ್ಕೆ ಇದೂ ಒಂದು ಕಾರಣವೆಂದು ವೈದ್ಯರು ಊಹಿಸುತ್ತಾರೆ.

ಮೊದಮೊದಲು ಎಬ್ಬಿಸುವುದಕ್ಕೂ ಉದ್ದೇಶವಿದೆ. ಯಾರ ಜೊತೆ ಯಾರು ಸೇರಬೇಕೆಂಬುದು ಕೋಶಗಳಿಗೆ ಇನ್ನೂ ಗೊತ್ತಿಲ್ಲದ ಕಾಲದಲ್ಲಿ ಸಂತೆಯ ಗದ್ದಲವಿದ್ದರೇನೇ ನಂಟು ಬೆಳೆಯುವುದು. ಸದ್ದು ಅಡಗುವ ಹೊತ್ತು ತಪ್ಪಿದರೆ ಮಾತ್ರ ಕೇಡು. ಬೇಗ ಅಡಗಿದರೂ ಕೇಡೇ. ಸಿನ್‌ಗ್ಯಾಪ್ ಎಂಬ ಒಂದು ಜೀನಿನ ಲೋಪದಿಂದ ಕೆಲವು ಮಕ್ಕಳಲ್ಲಿ ಬುದ್ಧಿಮಾಂದ್ಯ, ಮೂರ್ಛೆಗಳು ಉಂಟಾಗುತ್ತವೆ. ಆ ಲೋಪವಿರುವ ಇಲಿಮರಿಗಳನ್ನು ಪರೀಕ್ಷಿಸಿ ೨೦೧೨ರಲ್ಲಿ ಅಮೆರಿಕದಿಂದ ಹೊರಬಂದ ಪ್ರಬಂಧವೊಂದರಲ್ಲಿ, ಅವುಗಳ ನರಸಂಧಿಗಳು ತಡವಾಗಿ ಅಲ್ಲ, ಕಾಲಕ್ಕೆ ಮೊದಲೇ ಪಕ್ವವಾಗಿಬಿಡುವುದೇ ತೊಂದರೆಯ ಮೂಲವೆಂದು ತೋರಿಬಂದಿತು. ಆ ಪ್ರಬಂಧದ ಮೊದಲ ಲೇಖಕ ಜೇಮ್ಸ್ ಕ್ಲೆಮೆಂಟ್ ಅನಂತರ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದೇ ವಿಷಯವನ್ನು ಮುಂದುವರಿಸಿದರು. ಮೂರು ವರ್ಷದ ಮಗು ಮಗ್ಗಿ ಒಪ್ಪಿಸಲಿಲ್ಲವೆಂದು ಕೊರಗುವ ತಾಯಂದಿರು ಈ ಸಂಗತಿಯನ್ನು ಒಂದು ಗಳಿಗೆ ಯೋಚಿಸಬಹುದು. ಬೇಗ ಮಾಗುವುದೆಲ್ಲ ಚೆನ್ನಾಗಿ ಮಾಗುವುದಲ್ಲ.

ಹುಟ್ಟಿದ ಅನಂತರದ ಕೆಲವು ವರ್ಷಗಳಲ್ಲಿ ಮಿದುಳಿನ ಕೊಡುಗೈಗೆ ಮಿತಿಯೇ ಇಲ್ಲ. ಷಿಕಾಗೊ ವಿಶ್ವವಿದ್ಯಾನಿಲಯದ ಪೀಟರ್ ಹಟನ್‌ಲಾಕರ್ ವಿವಿಧ ವಯಸ್ಸಿನಲ್ಲಿ ತೀರಿಕೊಂಡವರ ಮಿದುಳಿನ ತೆಳುಹಾಳೆಗಳಲ್ಲಿ ನರಸಂಧಿಗಳನ್ನು ಒಂದೊಂದಾಗಿ ಎಣಿಸಿ ೧೯೭೯ರಲ್ಲಿ ಲೆಕ್ಕ ಪ್ರಕಟಿಸಿದನು. ಹಣೆಯ ಹಿಂದಣ ಭಾಗದಲ್ಲಿ ಸಂಧಿಗಳ ದಟ್ಟಣೆ ಒಂದರಿಂದ ಎರಡು ವರ್ಷದ ವಯಸ್ಸಿಗೆ ದೊಡ್ಡವರ ಸರಾಸರಿಗಿಂತ ಶೇಕಡ ೫೦ರಷ್ಟು ಹೆಚ್ಚಾಗಿತ್ತು. ಎರಡರಿಂದ ಹದಿನಾರರವರೆಗೆ ಇಳಿಯುತ್ತ ಬಂದಿತ್ತು. ಒತ್ತಾಗಿ ಹುಟ್ಟಿದ ಪೈರನ್ನು ರೈತ ಕಿತ್ತು ತೆಳುಮಾಡುವಂತೆ ಬಳಕೆಯಿಲ್ಲದ ಸಂಧಿಗಳನ್ನು ಮಿದುಳು ತೆಗೆದುಹಾಕುತ್ತದೆ. ಸೆರೊಟೋನಿನ್ನಿನ ಕಥೆಯೂ ಇದೇ ಧಾಟಿಯದು. ಮನಸ್ಸಿನ ಸಮಸ್ಥಿತಿ, ನಿದ್ದೆ, ಹಸಿವುಗಳಲ್ಲಿ ಪಾತ್ರವಹಿಸುವ ಈ ದ್ರವ್ಯವನ್ನು ತಯಾರಿಸುವ ಶಕ್ತಿ ಐದು ವರ್ಷದವರೆಗಿನ ಮಕ್ಕಳಲ್ಲಿ ದೊಡ್ಡವರದಕ್ಕಿಂತ ಇಮ್ಮಡಿಗೂ ಮಿಗಿಲಾಗಿದ್ದು, ಅನಂತರ ಇಳಿಯುತ್ತದೆಂದು ಅಮೆರಿಕದ ಡೆಟ್ರಾಯಿಟ್ ನಗರದ ಡಯೇನ್ ಚುಗಾನಿಯವರ ತಂಡ ೧೯೯೯ರಲ್ಲಿ ವರದಿ ಮಾಡಿತು. ಆಟಿಸಂ ಇರುವ ಮಕ್ಕಳಲ್ಲಿ ಈ ಏರಿಳಿತ ಕಾಣಲಿಲ್ಲ. ಎಳೆಯ ಕಾಲದಲ್ಲಿ ಸೆರೊಟೋನಿನ್ ಸುದ್ದಿ ಒಯ್ಯುವುದಷ್ಟೇ ಅಲ್ಲದೆ ಮಿದುಳನ್ನು ಕಟ್ಟುವ ಮೇಸ್ತ್ರಿಯ ಕೆಲಸವನ್ನೂ ಮಾಡುತ್ತದೆ. ಕಟ್ಟಡ ಮುಗಿದ ಮೇಲೆ ಅಷ್ಟು ಮಂದಿ ಮೇಸ್ತ್ರಿಗಳಿಗೆ ಕೂಲಿ ಕೊಡುವವರಾರು?

ಇನ್ನು ಹದಿಹರೆಯ. ಮನೆಮಂದಿಯ ತಾಳ್ಮೆಯನ್ನು ಪರೀಕ್ಷಿಸುವ ಕಾಲವಿದು. ಇಲ್ಲಿ ಪ್ರಧಾನ ಪಾತ್ರ ಡೋಪಮಿನ್ನಿನದು. ಈಚೆಗೆ ಈ ಹೆಸರು ಬಾಯಿಂದ ಬಾಯಿಗೆ ಹರಡಿ ಬಹಳ ಅಪಭ್ರಂಶವಾಗಿದೆ. ಮೊಬೈಲ್ ಫೋನನ್ನು ಒಂದು ದಿನ ಮುಚ್ಚಿಟ್ಟರೆ 'ಡೋಪಮಿನ್ ಉಪವಾಸ' ಆಯಿತೆಂದು ನಂಬುವವರೂ ಇದ್ದಾರೆ. ಹಾಗೆ ಬರಿದಾಗಿದ್ದರೆ ಅವರೂ ಕಾರ್ಲ್‌ಸನ್ನನ ಮೊಲಗಳಂತೆ ಕುಳಿತಿರಬೇಕಾಗಿತ್ತು! ಡೋಪಮಿನ್ ಸುಖದ ರಸವಲ್ಲ. ಯಾವುದರ ಕಡೆಗೆ ಕೈಚಾಚಬೇಕು, ಯಾವುದು ಎಣಿಸಿದ್ದಕ್ಕಿಂತ ಚೆನ್ನಾಗಿದೆ, ಯಾವುದನ್ನು ಮತ್ತೆ ಮಾಡಬೇಕು ಎಂಬುದನ್ನು ಮಿದುಳಿಗೆ ಕಲಿಸುವ ಓಲೆಕಾರ ಅದು.

ಬೆಳೆಯುತ್ತಿರುವ ಇಲಿಗಳಲ್ಲಿ ಮಿದುಳಿನ ಒಳಭಾಗದ ಡೋಪಮಿನ್ ಗ್ರಾಹಕಗಳು ಹರೆಯದಲ್ಲಿ ಉತ್ತುಂಗಕ್ಕೇರಿ, ಅನಂತರ ಕಡಿಮೆಯಾಗುತ್ತವೆ. ಬಯಕೆಯ ಕೇಂದ್ರಗಳು ಅಲ್ಲಿ ಇವೆ. ಆದರೆ ಮುಂದಾಲೋಚನೆಯ ನೆಲೆಯಾದ ಹಣೆಯ ಹಿಂದಣ ಭಾಗಕ್ಕೆ ಡೋಪಮಿನ್ ಒಯ್ಯುವ ತಂತುಗಳು ಇನ್ನೂ ದಾರಿಯಲ್ಲಿರುತ್ತವೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದ ಸಿಸಿಲಿಯಾ ಫ್ಲೋರೆಸ್ ಅವರ ತಂಡ, ಈ ತಂತುಗಳು ಹರೆಯದಲ್ಲಿಯೂ ಒಳಗಿನಿಂದ ಹಣೆಯ ಕಡೆಗೆ ಬೆಳೆಯುತ್ತ ಸಾಗುವುದನ್ನು ಇಲಿಗಳಲ್ಲಿ ೨೦೧೮ರಲ್ಲಿ ತೋರಿಸಿತು. ಮಿದುಳಿನ ಉಳಿದ ಹಲವು ನರಮಾರ್ಗಗಳು ಬಾಲ್ಯಕ್ಕೆ ಮೊದಲೇ ಹಾದಿ ಮುಗಿಸಿರುವಾಗ, ಇದೊಂದು ಮಾತ್ರ ಇಷ್ಟು ತಡವಾಗಿ ಪ್ರಯಾಣ ಮಾಡುವುದು ವಿಶೇಷವೇ ಸರಿ. ಮನುಷ್ಯರಲ್ಲಿ ತಂತುಗಳನ್ನು ಹೀಗೆ ಬೆನ್ನಟ್ಟಿ ನೋಡಲಾಗದು. ಆದರೆ ಜೀವಂತ ಮಿದುಳಿನ ಚಿತ್ರಗಳನ್ನು ಹಲವು ವರ್ಷ ತೆಗೆದು ಹೋಲಿಸಿದವರು, ಹಣೆಯ ಹಿಂದಣ ಭಾಗ ಬಹಳ ತಡವಾಗಿ ಮಾಗುವುದನ್ನು ಕಂಡಿದ್ದಾರೆ.

ಇದರ ಫಲ ಬೀದಿಯಲ್ಲಿ ಕಾಣುತ್ತದೆ. ೨೦೦೫ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಕಾರು ಓಡಿಸುವ ಆಟವೊಂದನ್ನು ಮೂರು ವಯೋಮಾನದವರಿಗೆ ಆಡಲು ಕೊಟ್ಟರು. ಒಬ್ಬೊಬ್ಬರೇ ಇದ್ದಾಗ ಹದಿಹರೆಯದವರು ದೊಡ್ಡವರಿಗಿಂತ ತೀರ ಬೇರೆಯಾಗಿ ಆಡಲಿಲ್ಲ. ಗೆಳೆಯರು ಪಕ್ಕದಲ್ಲಿ ನಿಂತಾಗ ಮಾತ್ರ ಅವರ ಸಾಹಸ ಎಲ್ಲೆ ಮೀರಿತು; ದೊಡ್ಡವರ ಆಟ ಗೆಳೆಯರಿದ್ದರೂ ಬದಲಾಗಲಿಲ್ಲ. ಆ ಹುಡುಗನಿಗೆ ಅಪಾಯ ತಿಳಿಯದೆ ಇಲ್ಲ, ಕೇಳಿದರೆ ತಂದೆಗಿಂತ ಚೆನ್ನಾಗಿ ವಿವರಿಸುತ್ತಾನೆ. ಹಿಂದಿನ ಸೀಟಿನಲ್ಲಿ ಇಬ್ಬರು ಸ್ನೇಹಿತರು ಕುಳಿತ ಕ್ಷಣದಲ್ಲಿ ತೂಕದ ಬಟ್ಟು ಬದಲಾಗುತ್ತದೆ. 'ಎಷ್ಟು ಸಲ ಬುದ್ಧಿ ಹೇಳಿದೆ' ಎಂದು ಗೋಳಾಡುವ ತಂದೆ, ಬುದ್ಧಿ ಹೇಳುವ ಬದಲು ಸ್ಕೂಟರಿನ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತು. ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾನೂನು ಈ ಮಾತನ್ನು ಇನ್ನಷ್ಟು ಖಾರವಾಗಿ ಹೇಳಿದೆ: ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ೨೫,೦೦೦ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ.

ಆದರೆ ವಿಜ್ಞಾನದ ಈ ಮಾತನ್ನು ದೊಣ್ಣೆ ಮಾಡಿಕೊಂಡು ಎಳೆಯರ ಬಾಯಿ ಮುಚ್ಚಿಸಲು ಹೊರಡುವುದು ಅನ್ಯಾಯ. ಇಪ್ಪತ್ತೈದಕ್ಕೆ ಮಿದುಳು ಪೂರ್ಣವಾಗುತ್ತದೆಂಬ ಮಾತು ಜನಜನಿತವಾಗಿದೆ. ಪ್ರಕೃತಿ ಅಂಥ ಬೇಲಿಯನ್ನೇನೂ ಹಾಕಿಲ್ಲ. ಹರೆಯದ ಮಿದುಳು ಕೆಟ್ಟುನಿಂತ ಯಂತ್ರವಲ್ಲ. ಹೊಸತನ್ನು ಕಲಿಯುವುದಕ್ಕೆ, ತವರನ್ನು ಬಿಟ್ಟು ಹೊರಡುವುದಕ್ಕೆ, ಒಪ್ಪದ್ದನ್ನು ಒಪ್ಪೆನೆನ್ನುವುದಕ್ಕೆ ಅದು ಆ ಕಾಲದಲ್ಲಿ ಹದವಾಗಿರುತ್ತದೆ. ಉಡುತಡಿಯಿಂದ ಹೊರಟ ತರುಣಿ ಕಲ್ಯಾಣವನ್ನು ಸೇರಿದಾಗ ಅಲ್ಲಮನಂಥ ಹಿರಿಯರು ಆಕೆಯನ್ನು ಕಟುವಾಗಿಯೇ ಪ್ರಶ್ನಿಸಿದರೆಂಬುದು ಪರಂಪರೆಯ ಮಾತು. ಆಕೆಯ ವಯಸ್ಸನ್ನು ಹಿಡಿದು ಹಂಗಿಸಲಿಲ್ಲ, ಉತ್ತರವನ್ನು ಕೇಳಿದರು. ಕೇಳಿದ ಮೇಲೆ ತಮಗಿಂತ ಕಿರಿಯಳಾದವಳನ್ನು 'ಅಕ್ಕ' ಎಂದು ಕರೆದರು.

ಅದೇ ಉಡುತಡಿಯ ಸುತ್ತಣ ಸೀಮೆಗೆ ಅನ್ನ ಕೊಡುವ ಬೆಳೆಯ ಬಗೆಗೂ ಒಂದು ಮಾತು ಹೇಳದೆ ನಿರ್ವಾಹವಿಲ್ಲ. ಅಡಕೆಯಲ್ಲಿ ಅರೆಕೊಲೀನ್ ಎಂಬ ಸತ್ವವಿದೆ. ಲೋವಿಯ ಕಪ್ಪೆಯಲ್ಲಿ ಸಿಕ್ಕಿದ ಅಸಿಟೈಲ್‌ಕೋಲೀನಿನ ವೇಷ ಹಾಕಿಕೊಂಡು ಅದರ ಕದಗಳನ್ನೇ ಇದು ತಟ್ಟುತ್ತದೆ. ತಂಬಾಕಿನ ನಿಕೊಟಿನ್ನಿನದೂ ಅದೇ ಕಸುಬು. ಹರೆಯದಲ್ಲಿ ಈ ಕದಗಳು ಡೋಪಮಿನ್ನಿನ ಹರಿವನ್ನೂ ನರಸಂಧಿಗಳ ಸವರಿಕೆಯನ್ನೂ ನಿಯಂತ್ರಿಸುತ್ತಿರುತ್ತವೆ. ಆ ವೇಳೆಯಲ್ಲಿ ಹೊರಗಿನ ವೇಷಧಾರಿ ದಿನಕ್ಕೆ ಹತ್ತು ಸಲ ಬಂದು ತಟ್ಟಿದರೆ ಮನೆಯೇ ಅವನಿಗೆ ತಕ್ಕಂತೆ ಕಟ್ಟಲ್ಪಡುತ್ತದೆ. ಎಳೆವೆಯಲ್ಲಿ ತಂಬಾಕು ಹಿಡಿದವರಿಗೆ ಬಿಡುವುದು ಕಷ್ಟವಾಗುವುದು ಇದರಿಂದಲೇ. ಊಟವಾದ ಮೇಲೆ ಅಜ್ಜ ಜಗಲಿಯಲ್ಲಿ ಕುಳಿತು ಮೆಲ್ಲುವ ವೀಳ್ಯ ಒಂದು ಬಗೆ. ಹೈಸ್ಕೂಲಿನ ಹುಡುಗ ಕಿಸೆಯಲ್ಲಿ ಇಟ್ಟುಕೊಂಡಿರುವ ಪೊಟ್ಟಣ ಇನ್ನೊಂದು ಬಗೆ. ಅಜ್ಜನದೂ ನಿರಪಾಯಕರವಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ ತನ್ನ ೨೦೦೪ರ ವರದಿಯಲ್ಲಿ ಅಡಕೆಯನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿದೆ. ಮಲೆನಾಡಿನ ತೋಟಗಾರರಿಗೆ ಈ ಮಾತು ಹಿತವಲ್ಲವೆಂಬುದು ನಿಜ. ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದನ್ನು ೨೦೦೩ರ ಕಾನೂನು ನಿಷೇಧಿಸಿತು. ವಿದ್ಯಾಸಂಸ್ಥೆಯ ನೂರು ಗಜದೊಳಗೆ ಯಾರಿಗೂ ಮಾರುವಂತಿಲ್ಲ. ೨೦೧೩ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದಾಗ ವ್ಯಾಪಾರದ ಜಾಣ್ಮೆ ಅಡಕೆಯ ಪೊಟ್ಟಣವನ್ನೂ ತಂಬಾಕಿನ ಪೊಟ್ಟಣವನ್ನೂ ಬೇರೆ ಬೇರೆ ಮಾಡಿ ಒಂದೇ ದಾರಕ್ಕೆ ನೇತುಹಾಕಿತು.

ನಿದ್ದೆಯ ವಿಷಯದಲ್ಲಿ ಮಕ್ಕಳ ಮೇಲೆ ಹೊರಿಸುವ ಆರೋಪ ಬಹುಪಾಲು ಸುಳ್ಳು. ಕತ್ತಲಾದ ಮೇಲೆ ಮಿದುಳು ಸೆರೊಟೋನಿನ್ನಿನಿಂದಲೇ ಮೆಲಟೋನಿನ್ ಎಂಬ ದ್ರವ್ಯವನ್ನು ತಯಾರಿಸಿ ದೇಹಕ್ಕೆ ರಾತ್ರಿಯಾಯಿತೆಂದು ಸಾರುತ್ತದೆ. ಹರೆಯದಲ್ಲಿ ಈ ಸಾರಿಕೆ ತಡವಾಗಿ ಆರಂಭವಾಗುತ್ತದೆಂದು ಅಮೆರಿಕದ ಮೇರಿ ಕಾರ್‌ಸ್ಕಾಡನ್ ಮೊದಲಾದವರು ತೋರಿಸಿದ್ದಾರೆ. ಹತ್ತು ಗಂಟೆಗೆ ನಿದ್ದೆ ಬರುವುದಿಲ್ಲವೆನ್ನುವ ಹುಡುಗಿ ಸುಳ್ಳು ಹೇಳುತ್ತಿಲ್ಲ. ಕಣ್ಣೆದುರು ಹಿಡಿದ ಫೋನಿನ ಬೆಳಕು ಈ ತಡವನ್ನು ಇನ್ನಷ್ಟು ತಡಮಾಡುತ್ತದೆ ಎಂಬುದೂ ದಿಟವೇ. ಶಾಲೆಗಳು ಬೆಳಗಿನ ಎಂಟೂವರೆಗೆ ಮೊದಲು ಆರಂಭವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ೨೦೧೪ರಲ್ಲಿ ಸಲಹೆ ಮಾಡಿತು. ಬೆಳಗಿನ ಐದೂವರೆಗೆ ಟ್ಯೂಷನ್ನಿಗೆ ಕಳುಹಿಸುವ ನಮ್ಮ ಊರುಗಳಲ್ಲಿ ಆ ಸಲಹೆಯನ್ನು ಓದಿದವರು ಇದ್ದಂತೆ ಕಾಣುವುದಿಲ್ಲ.

ಅಡುಗೆಮನೆಗೂ ಓಲೆಕಾರರಿಗೂ ಸಂಬಂಧವುಂಟು. ಡೋಪಮಿನ್ ಮತ್ತು ಸೆರೊಟೋನಿನ್‌ಗಳನ್ನು ತಯಾರಿಸುವ ಕಿಣ್ವಗಳಿಗೆ ಕಬ್ಬಿಣ ಬೇಕೇಬೇಕು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ ೬೭ ಮಂದಿಗೂ, ೧೫ರಿಂದ ೧೯ರ ಹುಡುಗಿಯರಲ್ಲಿ ಶೇಕಡ ೫೯ ಮಂದಿಗೂ ರಕ್ತಹೀನತೆ ಇದೆ. ಎಲ್ಲಕ್ಕೂ ಕಬ್ಬಿಣದ ಕೊರತೆಯೇ ಕಾರಣವಲ್ಲವಾದರೂ ಅದರ ಪಾಲು ದೊಡ್ಡದು. 'ಓದಿನಲ್ಲಿ ಲಕ್ಷ್ಯವಿಲ್ಲ, ಸದಾ ಮಂಕು' ಎಂದು ಬೈಸಿಕೊಳ್ಳುವ ಹುಡುಗಿಯ ರಕ್ತವನ್ನು ಮೊದಲು ಪರೀಕ್ಷಿಸುವುದು ಮೇಲು. ಮೊಳಕೆ ಕಟ್ಟಿದ ರಾಗಿ, ಸೊಪ್ಪು, ಕಾಳು, ಒಂದು ಹೋಳು ನಿಂಬೆ ನೆರವಾಗುತ್ತವೆ. ಊಟದ ಜೊತೆಗೇ ಕುಡಿಯುವ ಚಹ ಅಡ್ಡಿಯಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯನ್ನು ಕಿಟಕಿಯಿಂದಾಚೆ ಎಸೆಯದಿದ್ದರೆ ಇನ್ನೂ ಒಳ್ಳೆಯದು.

ಭಯದ ಪರಿಣಾಮವನ್ನು ಬೆಂಗಳೂರಿನಲ್ಲಿಯೇ ಅಳೆದಿದ್ದಾರೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಮೊದಲಾದವರು ೨೦೦೨ರಲ್ಲಿ ಪ್ರಕಟ ಮಾಡಿದ ಪ್ರಯೋಗವಿದು. ಇಲಿಗಳನ್ನು ದಿನಕ್ಕೆ ಎರಡು ಗಂಟೆ ಅಲುಗಾಡದಂತೆ ಕಟ್ಟಿಹಾಕಿ, ಹತ್ತು ದಿನಗಳಾದ ಮೇಲೆ ನೋಡಿದರೆ, ನೆನಪಿನ ನೆಲೆಯಾದ ಭಾಗದಲ್ಲಿ ನರಕೋಶಗಳ ಕೊಂಬೆಗಳು ಮುದುಡಿದ್ದವು; ಭೀತಿಯ ನೆಲೆಯಾದ ಭಾಗದಲ್ಲಿ ಮಾತ್ರ ಹೊಸ ಕೊಂಬೆಗಳು ಹರಡಿದ್ದವು! ಮೂರು ವಾರ ವಿಶ್ರಾಂತಿ ಕೊಟ್ಟರೂ ಭೀತಿಯ ಬೆಳವಣಿಗೆ ಇಳಿಯಲಿಲ್ಲವೆಂದು ೨೦೦೪ರಲ್ಲಿ ತಿಳಿಯಿತು. ಇಲಿಯ ಫಲವನ್ನು ಮಕ್ಕಳಿಗೆ ಹಾಗೆಯೇ ಅಂಟಿಸಬಾರದು. ಆದರೂ 'ಹೆದರಿಸಿದರೆ ಪಾಠ ತಲೆಗೆ ಹತ್ತುತ್ತದೆ' ಎಂಬ ನಂಬಿಕೆಗೆ ಇದು ಅನುಕೂಲವಾದ ಸಾಕ್ಷ್ಯವಲ್ಲ.

ಮನೋರೋಗಗಳ ಬೇರು ಇರುವುದೂ ಈ ವಯಸ್ಸಿನಲ್ಲಿಯೇ. ಜೀವಮಾನದಲ್ಲಿ ಮನೋರೋಗಕ್ಕೆ ತುತ್ತಾಗುವವರಲ್ಲಿ ಅರ್ಧದಷ್ಟು ಮಂದಿಗೆ ೧೪ ವರ್ಷದೊಳಗೆ, ಮುಕ್ಕಾಲು ಮಂದಿಗೆ ೨೪ರೊಳಗೆ ಅದು ಆರಂಭವಾಗಿರುತ್ತದೆಂದು ೨೦೦೫ರಲ್ಲಿ ಅಮೆರಿಕದ ಸಮೀಕ್ಷೆಯೊಂದು ಕಂಡುಕೊಂಡಿತು. ಔಷಧಗಳ ವಿಷಯದಲ್ಲಿಯೂ ಎಳೆಯ ಮಿದುಳು ಬೇರೆಯೇ. ಸೆರೊಟೋನಿನ್ನನ್ನು ಕಂದಕದಲ್ಲಿ ಹೆಚ್ಚು ಹೊತ್ತು ಉಳಿಸುವ ಖಿನ್ನತೆಯ ಮದ್ದುಗಳು ಎಳೆಯರಲ್ಲಿ ಕೆಲವರಿಗೆ ಆರಂಭದಲ್ಲಿ ಪ್ರಾಣ ಕಳೆದುಕೊಳ್ಳುವ ಯೋಚನೆಗಳನ್ನು ಹೆಚ್ಚಿಸಬಹುದೆಂದು ೨೦೦೪ರಲ್ಲಿ ಅಮೆರಿಕದ ಔಷಧ ಆಡಳಿತ ಎಚ್ಚರಿಕೆ ಅಚ್ಚುಹಾಕಿಸಿತು. ೨೦೦೭ರಲ್ಲಿ ಅದನ್ನು ೨೪ ವರ್ಷದವರೆಗೆ ವಿಸ್ತರಿಸಿತು. ಅಂದಮಾತ್ರಕ್ಕೆ ಮದ್ದು ವಿಷವೆಂದಲ್ಲ. ಚಿಕಿತ್ಸೆಯಿಲ್ಲದ ಖಿನ್ನತೆ ಅದಕ್ಕಿಂತ ಕ್ರೂರಿ. ತಂದೆಗೆ ಬರೆದುಕೊಟ್ಟ ಗುಳಿಗೆಯನ್ನು ಅರ್ಧ ಮುರಿದು ಮಗಳಿಗೆ ಕೊಡಬಾರದು, ವೈದ್ಯರು ಕೊಟ್ಟದ್ದನ್ನು ನೆರೆಮನೆಯವರ ಮಾತು ಕೇಳಿ ನಿಲ್ಲಿಸಲೂಬಾರದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಕನ್ನಡದಲ್ಲಿಯೂ ಮಾತನಾಡಬಹುದು.

ಇಷ್ಟೆಲ್ಲ ತಿಳಿವಳಿಕೆ ಬಂದಿರುವುದು ಹೆಚ್ಚಾಗಿ ಇಲಿ, ಮಂಗ ಮತ್ತು ಪರದೇಶದ ಮಕ್ಕಳಿಂದ. ಕನ್ನಡನಾಡಿನ ಮಕ್ಕಳನ್ನು ಹುಟ್ಟಿಗೆ ಮೊದಲಿನಿಂದ ಹಿಂಬಾಲಿಸಿದ ಒಂದು ಅಧ್ಯಯನ ಮೈಸೂರಿನಲ್ಲಿ ನಡೆದಿದೆ. ಜನ 'ಮಿಷನ್ ಆಸ್ಪತ್ರೆ' ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ೧೯೯೭-೯೮ರಲ್ಲಿ ಬಂದ ೮೩೦ ಗರ್ಭಿಣಿಯರು ಅದರಲ್ಲಿ ಸೇರಿಕೊಂಡರು. ಅವರ ಮಕ್ಕಳಲ್ಲಿ ೫೩೬ ಮಂದಿಯನ್ನು ಒಂಬತ್ತು ಹತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ ಅಂಶ ಹೆಚ್ಚಾಗಿದ್ದರೆ ಮಗುವಿನ ಗ್ರಹಣಶಕ್ತಿಯ ಅಂಕಗಳೂ ಉತ್ತಮವಾಗಿದ್ದವೆಂದು ೨೦೧೦ರಲ್ಲಿ ಪ್ರಕಟವಾಯಿತು. ಹದಿಮೂರು ದಾಟಿದಾಗ ಅವರಲ್ಲಿ ಕೆಲವರನ್ನು ಅಪರಿಚಿತ ತೀರ್ಪುಗಾರರ ಎದುರು ನಿಲ್ಲಿಸಿ ಕಥೆ ಹೇಳಿಸಿ, ಬಾಯಿಲೆಕ್ಕ ಮಾಡಿಸಿ, ಆತಂಕದ ವೇಳೆಯಲ್ಲಿ ಏರುವ ಕಾರ್ಟಿಸಾಲ್ ದ್ರವ್ಯವನ್ನು ಅವರ ಜೊಲ್ಲಿನಲ್ಲಿ ಅಳೆದರು. ಅಂದು ಗರ್ಭದಲ್ಲಿದ್ದವರು ಇಂದು ಇಪ್ಪತ್ತೈದನ್ನು ದಾಟಿದ್ದಾರೆ. ಈ ಮೈಸೂರಿನ ಕೇಂದ್ರವನ್ನೂ ಸೇರಿಸಿಕೊಂಡು, ಬೆಂಗಳೂರಿನ ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಇನ್ನೂ ದೊಡ್ಡದೊಂದು ಅಧ್ಯಯನವನ್ನು ಕಟ್ಟಿದರು. ಅದರ ವಿವರಗಳು ೨೦೨೦ರಲ್ಲಿ ಹೊರಬಂದವು. ಕಲಕತ್ತೆ, ಇಂಫಾಲ, ಚಂಡೀಗಢ, ಋಷಿವ್ಯಾಲಿಗಳವರೆಗೆ ಹರಡಿದ ಈ ಗುಂಪಿನಲ್ಲಿ ಆರರಿಂದ ಇಪ್ಪತ್ತಮೂರು ವರ್ಷದವರೆಗಿನ ಸುಮಾರು ಹತ್ತು ಸಾವಿರ ಮಂದಿ ಇದ್ದಾರೆ. ಹೆಸರು ಬರೆಸಿಕೊಂಡಾಗ ಆರು ವರ್ಷವಾಗಿದ್ದವರು ಈಗ ಹದಿಹರೆಯದಲ್ಲಿದ್ದಾರೆ.